ಮಾತು ಮೊದಲು, ಮುಖ ಆಮೇಲೆ

"ನಾಗಿ, ನಾನು ಅವ್ವನ ಮುಖ ನೋಡೋಗಂಟ ಮಣ್ಣು ಹಾಕಬ್ಯಾಡ್ರಿ ಅಂತ ಹೇಳು. ಗಾದ್ರಜ್ಜನ ಕಾಲು ಹಿಡ್ಕಂಡು ಹೇಳು."

ಇಷ್ಟು ಹೇಳುವಷ್ಟರಲ್ಲಿ ಪುಷ್ಪಾಗೆ ಉಸಿರು ಸಾಲದೇ ಹೋಯಿತು. ಫೋನಿನ ಗಾಜಿನಲ್ಲಿ ಅವಳ ಒಣಗಿದ ತುಟಿ ಕಾಣುತ್ತಿತ್ತು. ಹಿಂದೆ ಹೊನ್ನಾಳಿ ಆಸ್ಪತ್ರೆಯ ಹಸಿರು ಗೋಡೆ, ಗೋಡೆಗೆ ಒರಗಿ ಬಟ್ಟೆಯ ಗಂಟೊಂದನ್ನು ಎದೆಗವಚಿಕೊಂಡು ನಿಂತ ಅವಳ ಗಂಡ ದುರುಗೇಶ. ಗಂಟಿನೊಳಗೆ ಆವತ್ತೇ ಹುಟ್ಟಿದ ಕೂಸು. ಗಂಡ ಹೆಂಡತಿ ನ್ಯಾಮತಿಯ ಮೆಕ್ಕೆಜೋಳದ ಗೋದಾಮಿನಲ್ಲಿ ಚೀಲ ಹೊಲಿಯುವವರು. ಹೆರಿಗೆ ಕಷ್ಟವಾದೀತೆಂದು ಹೊನ್ನಾಳಿಗೆ ಬಂದಿದ್ದರು. ಬೆಳಿಗ್ಗೆ ಪುಷ್ಪಾಳ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಅದೇ ಬೆಳಿಗ್ಗೆ ಜಗಳೂರು ಸೀಮೆಯ ಕರಿಕಲ್ಲಹಳ್ಳಿಯಲ್ಲಿ, ಒಲೆಯ ಮುಂದೆ ಕೂತಿದ್ದ ಅವಳ ಅವ್ವ ಕೊಲ್ಲಾಪುರಮ್ಮ ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ವಾಲಿಬಿಟ್ಟಳು. ಮಗಳಿಗೆ ಮಂಪರು ಇಳಿದ ಮೇಲೆ ದುರುಗೇಶ ಸುದ್ದಿ ಹೇಳಿದ. ಹೇಳದೆ ಅವನಾದರೂ ಎಷ್ಟು ಹೊತ್ತು ಗೋಡೆ ನೋಡುತ್ತ ನಿಂತಾನು?

"ಹೇಳ್ತೀನಿ ಪುಷ್ಪಿ," ಎಂದಳು ನಾಗರತ್ನ. "ನೀನು ಫೋನ್ ಚಾರ್ಜಿಗೆ ಹಾಕ್ಕಂಡಿರು. ಮಿಕ್ಕಿದ್ದು ನನಗೆ ಬಿಡು."

ಹಾಗೆಂದು ಮಾತು ಕೊಟ್ಟವಳು ನಾಗರತ್ನ. ಅವಳೂ ಪುಷ್ಪಾನೂ ಒಂದೇ ಮಳೆಗಾಲದಲ್ಲಿ ಹುಟ್ಟಿದವರು, ಕೊಲ್ಲಾಪುರಮ್ಮನ ಒಂದೇ ತಟ್ಟೆಯಲ್ಲಿ ಉಂಡವರು. ಈಗ ಕೇರಿಯಲ್ಲಿ ಬಟ್ಟೆ ಹೊಲಿಯುತ್ತ, ಊರಿನ ಮಾಳಿಗೆಗಳ ಮೇಲಿರುವ ಬಿಳಿ ಡಬ್ಬಿಗಳನ್ನು ನೋಡಿಕೊಳ್ಳುವುದು ನಾಗರತ್ನಳ ಕೆಲಸ. ಪುಷ್ಪಾ ಅವ್ವನ ಮುಖ ನೋಡಬೇಕೆಂದರೆ ಆ ಡಬ್ಬಿಗಳೇ ತೋರಿಸಬೇಕು.

ಬೇವಿನ ಮರದಡಿ ಹೆಣದ ಸುತ್ತ ಕೂತ ಹಿರಿಯರ ನಡುವೆ ಅವಳು ಹೋಗಿ ನಿಂತಳು. ಕೇರಿಯ ಸಾವು ಮದುವೆಗಳಿಗೆಲ್ಲ ಮುಂದೆ ನಿಲ್ಲುವ ಗಾದ್ರಪ್ಪಜ್ಜ ಕೇಳಿಸಿಕೊಂಡು ಮೀಸೆ ತಿಕ್ಕಿದ.

"ಮಗಳು ಮುಖ ನೋಡ್ದೆ ಮಣ್ಣು ಹಾಕಂಗಿಲ್ಲ, ಅದು ಹಿರೇರ ಮಾತು. ತೋಡಿದ ಗುಣಿನ ರಾತ್ರಿಯೆಲ್ಲ ಬಾಯಿ ತಕ್ಕಂಡು ಬಿಡಂಗಿಲ್ಲ, ಅದೂ ಹಿರೇರ ಮಾತೇ. ಹೊತ್ತು ಮುಳುಗೋ ಒಳಗೆ ಎರಡೂ ಆಗ್ಬೇಕು ಕಣವ್ವ."

"ಬಾಣಂತಿ ಹೆಣ ನೋಡಬಾರ್ದು," ಎಂದಳು ಮುದುಕಿ ಕಲ್ಲಮ್ಮ ಸೆರಗಿನಲ್ಲಿ ಮೂಗೊರೆಸುತ್ತ. "ಹಸಿ ಮೈ. ಮೈಲಿಗೆ ಕೂಸಿಗೆ ತಗಲತೈತೆ."

"ಫೋನಾಗೆ ನೋಡಿದ್ರೆ ಮೈಲಿಗೆ ಹೆಂಗೆ ತಗಲತೈತೆ ಬೇ? ನಿನ್ನ ಮೊಮ್ಮಗ ದಿನಾ ಫೋನಾಗೆ ಕೋಳಿ ಬಿರಿಯಾನಿ ನೋಡ್ತಾನೆ, ಒಂದಿನನಾರ ಅವನ ಹೊಟ್ಟೆ ತುಂಬೈತಾ?" ಎಂದಳು ನಾಗರತ್ನ.

ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ಕಲ್ಲಮ್ಮ ಮಾತ್ರ ಬಿಡಲಿಲ್ಲ. "ಹಂಗಾದ್ರೆ ಫೋನಾಗೆ ನೋಡಿದ್ದು ನೋಡಿದಂಗೇ ಅಲ್ಲ ಅಂದಂಗಾತು. ಮೈಲಿಗೆಗೆ ಇಲ್ಲದ್ದು ಮುಖ ನೋಡಾಕೆ ಹೆಂಗೆ ಬಂತು? ಹೇಳು ನೋಡಾನ."

ಗಾದ್ರಪ್ಪಜ್ಜನ ಕೈ ಮೀಸೆಯ ಮೇಲೇ ನಿಂತಿತು. ಅವನು ನಾಗರತ್ನಳ ಕಡೆ ತಿರುಗಿ, "ನಾನು ಇಲ್ಲಿ ಬಟ್ಟೆ ಸರಿಸಿದಾಗ ಅವಳು ಅಲ್ಲಿ ಅದೇ ಹೊತ್ತಿಗೆ ನೋಡ್ತಾಳೋ, ಇಲ್ಲ ಆಮೇಲೆ ಯಾವಾಗಲೋ ಬರತೈತೋ?" ಎಂದು ಕೇಳಿದ.

"ಅದೇ ಹೊತ್ತಿಗೆ ಅಜ್ಜ. ಕಣ್ಣು ಮಿಟುಕಿಸೋ ಅಷ್ಟೂ ಹೆಚ್ಚುಕಮ್ಮಿ ಇಲ್ಲ."

"ಹಂಗಿದ್ರೆ ಅದು ನೋಡಿದಂಗೇ. ಈಕಡೆ ಮುಖ ತೆರೆದಾಗ ಆಕಡೆ ಕಣ್ಣು ತೆರೆದಿರಬೇಕು, ಅಷ್ಟೇ. ಮೈಲಿಗೆ ಬಂದ್ರೆ ನನ್ನ ಮ್ಯಾಲೆ ಬರ್ಲಿ, ನಾನೇನು ಹೆರಂಗಿಲ್ಲ."

ಕರಿಕಲ್ಲಹಳ್ಳಿಗೆ ಟವರಿಲ್ಲ. ಸಿಗ್ನಲ್ ಪಕ್ಕದೂರು ಸೊಕ್ಕೆಯಿಂದ ಗುಡ್ಡ ದಾಟಿ ಬರುವುದಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರದ ಕಂಬಗಳು ಸಾಲಾಗಿ ನಿಂತಿವೆ. ಅವುಗಳ ಹೊಟ್ಟೆಯೊಳಗೆ ತಂತಿ ಇದೆ. ರೆಕ್ಕೆ ಎಷ್ಟು ಸುತ್ತು ತಿರುಗಿತೆಂಬುದು ಆ ಗಳಿಗೆಯಲ್ಲೇ ಯಾವುದೋ ದೂರದ ಶಹರದ ಆಫೀಸಿಗೆ ತಿಳಿಯುತ್ತದೆ. ಅದೇ ರೆಕ್ಕೆಯ ನೆರಳು ಬೀಳುವ ಗುಡಿಸಲಿನಲ್ಲಿ ಒಬ್ಬಳಿಗೆ ಹೆರಿಗೆ ನೋವು ಬಂದರೆ, ಸೊಕ್ಕೆ ದಾರಿಯ ಹುಣಸೆಮರದ ತನಕ ಓಡಿ, ದೇವರಿಗೆ ಕೈ ಎತ್ತಿದಂತೆ ಫೋನೆತ್ತಿ ನಿಲ್ಲಬೇಕಿತ್ತು. ಗಾಳಿಯಂತ್ರದ ಕಂಪನಿಗೆ ಗುಡ್ಡ ಹೋಯಿತು, ಗಾಳಿಯೂ ಹೋಯಿತು. ಊರಿಗೆ ಉಳಿದದ್ದು ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದು. ಟವರಿಗಾಗಿ ಅರ್ಜಿ ಹಿಡಿದು ಹೋದವರಿಗೆ ಸಾಹೇಬರು ಹೇಳಿದ್ದು ಒಂದೇ ಮಾತು: ನಿಮ್ಮೂರಿನಲ್ಲಿ ಜನ ಸಾಲುವುದಿಲ್ಲ. ಓಟಿನ ದಿನ ಇದೇ ಜನ ಸಾಲುತ್ತಿದ್ದರು. ಕೆರೆ ಹೂಳೆತ್ತಲು ಸಾಲುತ್ತಿದ್ದರು. ಗಾಳಿಯಂತ್ರಕ್ಕೆ ಗುಂಡಿ ತೋಡುವಾಗಲಂತೂ ಹೆಂಗಸರು ಮಕ್ಕಳೂ ಸೇರಿ ಸಾಲುತ್ತಿದ್ದರು. ಮಾತಾಡಬೇಕೆಂದಾಗ ಮಾತ್ರ ಸಾಲದೇ ಹೋದರು.

ಕೊನೆಗೆ ಹೆಂಗಸರ ಸಂಘದವರೇ ಮುಂದೆ ಬಿದ್ದರು. ದಾವಣಗೆರೆಯಲ್ಲಿ ವಾರಕ್ಕೊಮ್ಮೆ ಕೂಡಿ ಪುಸ್ತಕ ಓದುವ ಗೆಳೆಯರ ಗುಂಪೊಂದಿತ್ತು. ಅವರಲ್ಲಿ ಈ ವಿದ್ಯೆ ಬಲ್ಲವರಿದ್ದರು. ಬಂದು ಕಲಿಸಿದರು. ಒಂದೊಂದು ಮಾಳಿಗೆಯ ಮೇಲೆ ಒಂದೊಂದು ಡಬ್ಬಿ. ಈ ಡಬ್ಬಿ ಕೇಳಿಸಿಕೊಂಡದ್ದನ್ನು ಪಕ್ಕದ ಡಬ್ಬಿಗೆ ಹೇಳುತ್ತದೆ, ಅದು ಅದರಾಚೆಯದಕ್ಕೆ. ಹೀಗೆ ಮನೆಯಿಂದ ಮನೆಗೆ, ಹೊಲದಿಂದ ಹೊಲಕ್ಕೆ ಹಾರಿ, ಸೊಕ್ಕೆಯ ಶಾಲೆಯ ಮಾಳಿಗೆಯಲ್ಲಿ ಹೊರಲೋಕದ ತಂತಿಗೆ ಸೇರುತ್ತದೆ. ನಡುವೆ ಒಂದು ಕೆಟ್ಟರೆ ಉಳಿದವು ತಮ್ಮಷ್ಟಕ್ಕೆ ಬೇರೆ ದಾರಿ ಹುಡುಕಿಕೊಳ್ಳುತ್ತವೆ. ಇದಕ್ಕೆ ಗೌಡನಿಲ್ಲ, ಶಾನುಭೋಗನಿಲ್ಲ. ಮೇಲಿನ ಬೀದಿಯವರೂ ತಮ್ಮ ಮಕ್ಕಳ ಪಾಠಕ್ಕೆಂದು ಡಬ್ಬಿ ಹಾಕಿಸಿಕೊಂಡರು. ಹಾಗಾಗಿ ಕೇರಿಯ ಮಾತು ಅಲ್ಲಿನ ಕೊಟ್ರಬಸಪ್ಪನವರ ಮಾಳಿಗೆ ಹತ್ತಿ ಇಳಿಯತೊಡಗಿತು. ಕೇರಿಯವರು ಮಾತ್ರ ಅವರ ಜಗಲಿಯನ್ನು ಇವತ್ತಿಗೂ ಹತ್ತಿಲ್ಲ.

ಮೊದಲ ಮಳೆಗಾಲದಲ್ಲೇ ಜಗಳ ಶುರುವಾಯಿತು. ಸಂಜೆಯಾದರೆ ಹುಡುಗರು ಸಿನಿಮಾ ಇಳಿಸಿಕೊಳ್ಳುವರು. ಆ ಹೊತ್ತಿಗೆ ಯಾರಾದರೂ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದರೆ ಡಾಕ್ಟರ ಬಾಯಿ ತೆರೆದದ್ದು ತೆರೆದಂತೆ ನಿಲ್ಲುವುದು, ಮಾತು ಮುರಿದು ಮುರಿದು ಬೀಳುವುದು. ಸಂಘ ಕೂಡಿತು. ಗಂಟಲು ಹರಿದುಕೊಂಡರು. ಹಿಂದೆ ಗೋಡೆಗೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಕೊಲ್ಲಾಪುರಮ್ಮ ಎದ್ದು ನಿಂತಳು.

"ಕೆರೆ ಹೂಳು ಎತ್ತುವಾಗ ಸಾಲಾಗಿ ನಿಂತು ಪುಟ್ಟಿ ಕೊಡ್ತೀವಲ್ಲ, ಹಂಗೇ ಐತೆ ಇದು. ಮಣ್ಣಿನ ಪುಟ್ಟಿ ತಡ ಆದ್ರೆ ಏನೂ ಆಗಲ್ಲ, ಮಣ್ಣು ಹಳಸಲ್ಲ. ಅದೇ ಸಾಲಿನಾಗೆ ಕುಡಿಯೋ ನೀರಿನ ಚೊಂಬು ಬಂದ್ರೆ? ಪುಟ್ಟಿ ಕೆಳಗಿಟ್ಟು ಚೊಂಬು ಮುಂದಕ್ಕೆ ಕೊಡ್ತೀರೋ ಇಲ್ವೋ? ಮಾತು ಅಂದ್ರೆ ಚೊಂಬು ಕಣ್ರೋ. ನಿಮ್ಮ ಸಿನಿಮಾ ನಾಳೆ ಬರ್ಲಿ, ಅವ ಹೀರೋ ಎಲ್ಲೂ ಓಡೋಗಲ್ಲ."

"ಮುಖನೂ ಬೇಕಲ್ಲ ದೊಡ್ಡವ್ವ, ವಿಡಿಯೋ?" ಎಂದು ಕೇಳಿದ್ದಳು ನಾಗರತ್ನ.

"ಜಾಗ ಇದ್ರೆ ಮುಖ ಬರ್ಲಿ. ಇಲ್ದಿದ್ರೆ ಮುಖ ಬಿಟ್ಟು ಮಾತು ಉಳಿಸಿ. ನನ್ನ ಮಗಳು ನನ್ನ ಮುಖ ನೋಡಿ ಏನ್ ಮಾಡ್ಬೇಕು, ನಾನೇನು ರಂಭೆಯೇ? 'ಉಂಡೇನವ್ವ' ಅಂದದ್ದು ಕೇಳಿದ್ರೆ ಸಾಕು."

ಎಲ್ಲರೂ ಚಪ್ಪಾಳೆ ಹೊಡೆದು ನಕ್ಕರು. ಮಾತು ಮೊದಲು, ಮುಖ ಆಮೇಲೆ, ಸಿನಿಮಾ ಕೊನೆಗೆ. ನಾಗರತ್ನ ಆವತ್ತೇ ಅದನ್ನು ಡಬ್ಬಿಗಳಿಗೆಲ್ಲ ಕಟ್ಟಳೆಯಾಗಿ ಕೂರಿಸಿದಳು. ದಾರಿ ಕಿರಿದಾದರೆ ಡಬ್ಬಿಗಳು ತಾವಾಗಿಯೇ ಚಿತ್ರವನ್ನು ಕೈಬಿಟ್ಟು ಮಾತನ್ನು ಮುಂದಕ್ಕೆ ದಾಟಿಸುತ್ತಿದ್ದವು. ಆ ಕಟ್ಟಳೆಯಿಂದ ಊರಲ್ಲಿ ಎರಡು ಜೀವ ಉಳಿದಿವೆ. ಕೊಲ್ಲಾಪುರಮ್ಮನ ಜೀವ ಉಳಿಯಲಿಲ್ಲ. ಅವಳು ಎದೆ ಹಿಡಿದುಕೊಂಡ ಬೆಳಿಗ್ಗೆ ನಾಗರತ್ನ ಮಾಡಿದ ಕರೆ ಆಂಬುಲೆನ್ಸಿಗೆ ಒಂದೇ ಉಸಿರಿಗೆ ಮುಟ್ಟಿತ್ತು. ಆಂಬುಲೆನ್ಸು ಮಾತ್ರ ಕಂಪನಿಯ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತ ನಿಂತು, ಆಮೇಲೆ ಸುತ್ತು ಹಾಕಿಕೊಂಡು ಬಂದು, ಹೆಣದ ನಾಡಿ ನೋಡಿ ತಿರುಗಿ ಹೋಯಿತು.

ಸ್ಮಶಾನ ಗುಡ್ಡದ ಬುಡದಲ್ಲಿ. ಅಲ್ಲಿಗೆ ಡಬ್ಬಿ ಇಲ್ಲ. ಸತ್ತವರಿಗೆ ಡಬ್ಬಿ ಏಕೆಂದು ಯಾರೂ ಹಾಕಿರಲಿಲ್ಲ. ಆದರೆ ಫೋನುಗಳೂ ಡಬ್ಬಿಗಳಂತೆ ಒಂದರಿಂದ ಒಂದಕ್ಕೆ ದಾಟಿಸಬಲ್ಲವು. ನಾಗರತ್ನ ಕೇರಿಯ ಆಳುಗಳನ್ನು ಕರೆದು, ಕೊನೆಯ ಮನೆಯಿಂದ ಗುಣಿಯ ತನಕ ಕೂಗಳತೆಗೆ ಒಬ್ಬರಂತೆ ಫೋನೆತ್ತಿ ನಿಲ್ಲಬೇಕೆಂದಳು. ಗುಣಿಯ ಬದಿಯ ಮೊದಲ ಜಾಗ ಬೆನಕಪ್ಪನ ಮಗ ಮಾರುತಿಗೆ.

"ಗುಣಿ ಹತ್ರ ನಾನು ಇದನ್ನ ರೆಕಾರ್ಡ್ ಮಾಡ್ಕಂಡು ಆಮೇಲೆ ಕಳಿಸಿದ್ರೆ ಆಗಲ್ವಾ ಅಕ್ಕ? ಇಷ್ಟೆಲ್ಲಾ ಕಂಬದಂಗೆ ನಿಲ್ಲೋದ್ಯಾಕೆ?" ಎಂದ ಮಾರುತಿ.

ಫೋನು ನಾಗರತ್ನಳ ಕೈಯಲ್ಲಿ ತೆರೆದೇ ಇತ್ತು. ಅದರೊಳಗಿಂದ ಪುಷ್ಪಾಳೇ ಉತ್ತರ ಕೊಟ್ಟಳು.

"ಆಮೇಲೆ ನೋಡಿದ್ರೆ ಅದು ಫೋಟೋ ಕಣೋ ಮಾರುತಿ. ಈಗ ನೋಡಿದ್ರೆ ನಮ್ಮವ್ವ."

ಮಾರುತಿ ತನ್ನ ಜಾಗಕ್ಕೆ ಹೋದ.

ಹೆಣಕ್ಕೆ ನೀರು ಹಾಕಿದರು. ಸೊಕ್ಕೆಯಿಂದ ಅವಳ ತಮ್ಮ ತಂದ ತವರಿನ ಸೀರೆ ಉಡಿಸಿದರು. ಹಣೆಗೆ ಭಂಡಾರದ ಹಳದಿ ಬಳಿದರು. ಗಂಡ ಸತ್ತ ಮೇಲೂ ಹಣೆ ಬರಿದು ಬಿಡದೆ, ಕೇಳಿದವರಿಗೆ "ಹಣೆ ನಂದು, ಬಂಡಾರ ನಂದು, ನಿಂಗೇನು ಉರಿ?" ಎಂದು ಬಾಯಿ ಮುಚ್ಚಿಸಿದವಳು ಅವಳು. ಹಲಗೆ ಬಡಿಯುವವರು ಬೆಂಕಿಗೆ ಹಲಗೆ ಕಾಯಿಸಿದರು. ಚಟ್ಟ ಎತ್ತುವಾಗ ಬೀದಿ ಸ್ತಬ್ಧವಾಯಿತು. ಎಷ್ಟು ಸ್ತಬ್ಧವೆಂದರೆ, ಕೇರಿಯ ಯಾವ ಮನೆಯಲ್ಲೂ ಟಿವಿ ಇಲ್ಲ, ಮಿಕ್ಸಿ ಇಲ್ಲ, ಫ್ಯಾನಿನ ಗಿರ್ರೂ ಇಲ್ಲ. ಮೇಲಿನ ಬೀದಿಯಿಂದ ಮಾತ್ರ ಯಾವುದೋ ಧಾರಾವಾಹಿಯ ಅತ್ತೆ ಸೊಸೆಯ ಕಿತ್ತಾಟ ಕೇಳಿ ಬರುತ್ತಿತ್ತು. ನಾಗರತ್ನಳಿಗೆ ಮೈಯೆಲ್ಲ ಉರಿಯಿತು. ನಮ್ಮವರಿಗಾದರೂ ದೊಡ್ಡವ್ವನ ಬೆಲೆ ಗೊತ್ತಿದೆ ಅಂದುಕೊಂಡಳು. ಹಾಗಂದುಕೊಂಡು ಮುಂದೆ ನಡೆದಳು.

ಸ್ಮಶಾನಕ್ಕೆ ಹಳೆಯ ದಾರಿ ನೆಟ್ಟಗಿತ್ತು. ಚಟ್ಟ ಹೊತ್ತವರ ಹೆಗಲು ಬದಲಾಗುವಷ್ಟರಲ್ಲಿ ಮುಟ್ಟುವಂಥದ್ದು. ಈಗ ಆ ದಾರಿಯ ಮೇಲೆ ಕಂಪನಿಯ ಬೇಲಿ. ಬೇಲಿಯನ್ನು ಬಳಸಿ, ಜಾಲಿಮುಳ್ಳಿನ ಹಳ್ಳ ಇಳಿದು, ಮತ್ತೆ ಹತ್ತಬೇಕು. ಬದುಕಿದ್ದಾಗ ಹಾಕಿಸಿದ ಸುತ್ತು ಸಾಲದೆಂದು ಸತ್ತ ಮೇಲೂ ಹಾಕಿಸುತ್ತಾರೆ. ಹೆಣ ಎರಡು ಸಲ ಜಾರಿತು. ಹೆಗಲು ಕೊಟ್ಟವರ ಕಾಲಿಗೆ ಮುಳ್ಳು ಚುಚ್ಚಿತು. ಸೂರ್ಯ ಗಾಳಿಯಂತ್ರದ ರೆಕ್ಕೆಗಳ ಹಿಂದೆ ಇಳಿಯುತ್ತಿದ್ದ. ರೆಕ್ಕೆಯ ನೆರಳು ಚಟ್ಟದ ಮೇಲೆ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು.

ಗುಣಿಯ ಬಳಿ ಚಟ್ಟ ಇಳಿಸಿದಾಗ ನಾಗರತ್ನ ಫೋನೆತ್ತಿದಳು.

"ಕಾಣ್ತೈತೆ," ಎಂದಳು ಪುಷ್ಪಾ. "ಹೂವು ಕಾಣ್ತೈತೆ. ಹಸಿರು ಸೀರೆ. ಅದು ಮಾವ ತಂದಿದ್ದಾ? ಕಾಲು ಕಾಣ್ತೈತೆ ನಾಗಿ, ಅವ್ವನ ಬಿರುಕು ಬಿಟ್ಟ ಕಾಲು... ಮುಖದ ಮ್ಯಾಲಿನ ಬಟ್ಟೆ ತೆಗೀರಿ."

"ತೆಗೀತಾರೆ ಪುಷ್ಪಿ, ಕೆಳಗಿಳಿಸಿದ ಮ್ಯಾಲೆ. ಅಜ್ಜ ತೆಗೀತಾನೆ. ನೀನು ಕಣ್ಣು ಬಿಟ್ಟುಕೊಂಡಿರು."

ಹೆಣವನ್ನು ಇಳಿಸಿದರು. ಗಾದ್ರಪ್ಪಜ್ಜ ಗುಣಿಯೊಳಗೆ ಇಳಿದು ತಲೆಯ ಬಳಿ ಕೂತ. ಬಟ್ಟೆಯ ಅಂಚಿಗೆ ಕೈ ಹಾಕಿ ಮೇಲೆ ನೋಡಿದ. ನಾಗರತ್ನ ಅಂಚಿನಲ್ಲಿ ಮಂಡಿಯೂರಿ ಫೋನನ್ನು ಕೆಳಕ್ಕೆ ಚಾಚಿದಳು.

ಅದೇ ಹೊತ್ತಿಗೆ ಫೋನಿನಲ್ಲಿ ಪುಷ್ಪಾಳ ಕಣ್ಣು ಅರೆ ಮುಚ್ಚಿದಂತೆ ನಿಂತುಬಿಟ್ಟಿತು. ಆಮೇಲೆ ಆ ಮುಖವೇ ಹೋಗಿ ಬರೀ ಕಪ್ಪು.

"ನಾಗಿ, ಕತ್ತಲಾತು," ಎಂಬ ದನಿ ಮಾತ್ರ ಬಂತು. "ಏನಾತು? ಬಟ್ಟೆ ತೆಗೆದ್ರಾ?"

"ಇಲ್ಲ, ಇಲ್ಲ. ಅಜ್ಜ ತಡಿ! ತೆಗೀಬ್ಯಾಡ!"

ಡಬ್ಬಿಗಳ ಲೆಕ್ಕ ತೋರಿಸುವ ಪುಟವನ್ನು ನಾಗರತ್ನ ತೆರೆದಳು. ಬದುಕಿರುವ ಡಬ್ಬಿಗೆ ಹಸಿರು ಚುಕ್ಕಿ, ಸತ್ತದ್ದಕ್ಕೆ ಬೂದಿ ಬಣ್ಣದ್ದು. ಫೋನು ಹಿಡಿದು ನಿಂತವರೆಲ್ಲ ಹಸಿರಾಗಿದ್ದರು. ಮೇಲಿನ ಬೀದಿ ಹಸಿರಾಗಿತ್ತು. ಕೇರಿಯೊಂದೇ ಬೂದಿಯಾಗಿತ್ತು. ಇದ್ದಷ್ಟೂ ಮನೆ, ಒಂದೂ ಬಿಡದೆ.

"ಕೇರಿಯಾಗೆ ಕರೆಂಟ್ ಹೋಗೈತೇನು?" ಎಂದು ಅವಳು ಕೂಗಿದಳು.

ಬೆನಕಪ್ಪ ಕೋಲೂರಿಕೊಂಡು ಮುಂದೆ ಬಂದ. ಬೆನಕಪ್ಪ ಎಳೆ ಹುಡುಗನಾಗಿದ್ದಾಗ ಕೊಲ್ಲಾಪುರಮ್ಮನ ಜೊತೆ ಚನ್ನಗಿರಿ ಕಡೆ ಕೆರೆಬಿಳಚಿಗೆ ಅಡಿಕೆ ಸುಲಿಯಲು ಹೋದವನು. ಅಲ್ಲಿ ವಿಷಮಶೀತ ಜ್ವರ ಬಂದಾಗ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಮುಟ್ಟಿಸಿದವಳು ಅವಳು. ಅಂದಿನಿಂದ ಅವಳನ್ನು ಅಕ್ಕ ಎನ್ನದೆ ಅವನು ಒಂದು ದಿನವೂ ಕರೆದವನಲ್ಲ.

"ಹೋಗಿಲ್ಲವ್ವ. ಆರಿಸೀವಿ."

"ಆರಿಸೀವಿ ಅಂದ್ರೆ?"

"ಚಟ್ಟ ಏಳುವಾಗ ಎಲ್ರೂ ಮನೆ ಮೇನ್ ಸ್ವಿಚ್ ಆರಿಸಿದ್ವಿ. ನಾನೇ ಮನೆಮನೆಗೆ ಹೋಗಿ ಹೇಳಿದೆ. ನಮ್ಮಕ್ಕ ಮಣ್ಣಿಗೆ ಹೋಗುವಾಗ ಯಾರ ಮನೆಯಾಗೂ ಏನೂ ಗುಂಯ್ ಅನ್ನಬಾರ್ದು, ಒಂದು ಲೈಟೂ ಮಿಣುಕ್ ಅನ್ನಬಾರ್ದು ಅಂತ... ಹಿಂದೆ ಒಲೆ ಆರಿಸ್ತಿದ್ವಲ್ಲ, ಹಂಗೆ." ಮಾತಾಡುತ್ತಿದ್ದಂತೆ ಅವನಿಗೆ ಅರ್ಥವಾಯಿತು. "ಡಬ್ಬಿನೂ ಅದ್ರಾಗೇ ಐತೇನವ್ವ?"

ಡಬ್ಬಿಯ ಹೊಟ್ಟೆಯಲ್ಲಿ ಸಣ್ಣದೊಂದು ಬ್ಯಾಟರಿ ಇದ್ದದ್ದು ನಿಜ. ಹಳೆಯ ಬ್ಯಾಟರಿ. ನೆಟ್ಟಗಿನ ದಾರಿಯಲ್ಲಿ ಬಂದಿದ್ದರೆ ಅಷ್ಟು ಹೊತ್ತು ತಡೆಯುತ್ತಿತ್ತು. ಬೇಲಿ ಸುತ್ತಿ ಬರುವಷ್ಟು ಹೊತ್ತು ತಡೆಯಲಿಲ್ಲ. ಸಾವಿಗೆ ಮರ್ಯಾದೆ ಕೊಟ್ಟ ಮನೆಗಳೆಲ್ಲ ಕಣ್ಣು ಮುಚ್ಚಿದ್ದವು. ಕೊಡದ ಮನೆಗಳ ಡಬ್ಬಿ ಉರಿಯುತ್ತಿತ್ತು.

ನಾಗರತ್ನಳಿಗೆ ಬೈಯಲು ಬಾಯಿ ಬರಲಿಲ್ಲ. ಬೈದರೆ ತನಗೇ ಬೈದುಕೊಳ್ಳಬೇಕಿತ್ತು. ಆ ನಿಶ್ಶಬ್ದವನ್ನು ಕೇಳಿ ಹೆಮ್ಮೆಪಟ್ಟವಳು ಅವಳೇ. ಫ್ಯಾನಿನ ಗಿರ್ರು ಯಾಕಿಲ್ಲವೆಂದು ಕೇಳುವ ಕೆಲಸ ಅವಳದಾಗಿತ್ತು.

"ಬೀಗ!" ಎಂದಳು. "ಎಲ್ಲರೂ ಬೀಗ ಹಾಕ್ಕಂಡು ಬಂದೀರಿ. ಕೀಲಿ ಕೊಡ್ರಿ ಬೇಗ!"

ಹೆಂಗಸರು ಸೊಂಟದ ಗಂಟಿನಿಂದ, ಗಂಡಸರು ಉಡಿದಾರದಿಂದ ಕೀಲಿ ಬಿಚ್ಚಿ ಕೊಟ್ಟರು. ಬೆನಕಪ್ಪನ ಟವೆಲಿನಲ್ಲಿ ಕೇರಿಯ ಕೀಲಿಗಳೆಲ್ಲ ರಾಶಿಯಾದವು. ಸಾಲಿನಲ್ಲಿದ್ದ ಮಾರುತಿಯನ್ನು ಕೂಗಿ ಕರೆದು, ಫೋನನ್ನು ಮತ್ತೊಬ್ಬನ ಕೈಗೆ ಕೊಡಿಸಿ, ಟವೆಲನ್ನು ಅವನ ಕೈಗಿಟ್ಟರು.

"ಬೇಲಿ ಒಳಗಿಂದ ಓಡು," ಎಂದಳು ನಾಗರತ್ನ, ಬೇಲಿಯ ಗೇಟಿನ ಕಡೆಗೆ ತಾನೇ ಮುಂದಾಗಿ ಓಡುತ್ತ. ಗೇಟಿನಾಚೆ ಕಾವಲುಗಾರ ಪಾಲಣ್ಣ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹೆಣ ಬಂದಾಗಿನಿಂದ ಅವನು ಟೋಪಿ ಹಾಕಿರಲಿಲ್ಲ.

"ಪಾಲಣ್ಣ, ನಿಮ್ಮ ಆಫೀಸಿನಾಗೆ ನೆಟ್ ಐತೆ. ಒಂದು ಗಳಿಗೆ ಕೊಡಣ್ಣ. ಮಗಳು ಮುಖ ನೋಡ್ತಾಳೆ."

ಪಾಲಣ್ಣ ನೆಲ ನೋಡಿದ. "ಪಾಸ್‌ವರ್ಡ್ ನಂಗೂ ಕೊಟ್ಟಿಲ್ಲ ತಂಗಿ. ನಾನು ಮನಿಗೆ ಮಾತಾಡೋದೂ ನಿಮ್ಮ ಡಬ್ಬಿನಾಗೇ."

"ಗೇಟಾದ್ರೂ ತೆಗಿ."

"ಕ್ಯಾಮೆರಾ ಐತೆ ಕಣವ್ವ. ಕೆಲ್ಸ ಹೋಗತೈತೆ." ಹಾಗೆಂದವನು ಮೇಲಿನ ಕ್ಯಾಮೆರಾ ನೋಡಿದ, ಗುಣಿಯ ಕಡೆ ನೋಡಿದ. ಕೈಯಲ್ಲಿದ್ದ ಟೋಪಿಯನ್ನು ಕ್ಯಾಮೆರಾದ ಮೂತಿಗೆ ನೇತುಹಾಕಿ ಗೇಟು ತೆರೆದ. "ಓಡಲೇ ಮಾರುತಿ!"

ಮಾರುತಿ ಓಡಿದ. ಟವೆಲಿನ ಕೀಲಿಗಳ ಗಲಗಲ ಸ್ವಲ್ಪ ದೂರದ ತನಕ ಕೇಳುತ್ತಿತ್ತು. ಆಮೇಲೆ ಅದೂ ಕೇಳಲಿಲ್ಲ.

ನಾಗರತ್ನ ಗುಣಿಯ ಬಳಿಗೆ ಮರಳಿದಾಗ ಫೋನಿನಲ್ಲಿ ಪುಷ್ಪಾಳ ದನಿ ಇನ್ನೂ ಬರುತ್ತಲೇ ಇತ್ತು. ಕೇರಿ ಸತ್ತರೂ ಡಬ್ಬಿಗಳು ಬೇರೊಂದು ದಾರಿ ಹುಡುಕಿಕೊಂಡಿದ್ದವು. ಗುಣಿಯಿಂದ ಗಾದ್ರಪ್ಪಜ್ಜನ ಹೊಲದ ಪಂಪಿನ ಮನೆಗೆ, ಅಲ್ಲಿನ ಸೋಲಾರ್ ಡಬ್ಬಿಯಿಂದ ಕೊಟ್ರಬಸಪ್ಪನವರ ಮಾಳಿಗೆಗೆ, ಅಲ್ಲಿಂದ ಸೊಕ್ಕೆಗೆ. ದೂರದ ದಾರಿ, ನೂಲಿನಷ್ಟು ತೆಳು. ಅದರಲ್ಲಿ ಮುಖ ಹಿಡಿಸುವುದಿಲ್ಲ. ಮುಖ ಬಿಟ್ಟು ಮಾತು ಉಳಿಸಿ ಎಂದವಳು ಗುಣಿಯೊಳಗೆ ಮುಖ ಮುಚ್ಚಿಕೊಂಡು ಮಲಗಿದ್ದಳು. ಡಬ್ಬಿಗಳು ಅವಳ ಮಾತನ್ನು ಮೀರಲಿಲ್ಲ.

"ನಾಗಿ," ಗಾದ್ರಪ್ಪಜ್ಜ ಗುಣಿಯೊಳಗಿಂದ ಕೂಗಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. "ಹೊತ್ತು ರೆಕ್ಕೆ ಕೆಳಗೆ ಹೋತು. ಇನ್ನೆಷ್ಟು ತಡೀಲಿ?"

"ಇನ್ನೊಂದಿಷ್ಟು ಅಜ್ಜ."

ಅವಳು ಕಟ್ಟಳೆಯನ್ನು ಮುರಿದಳು. ಯಾರೂ ಮುಟ್ಟಬಾರದೆಂದು ಸಂಘದಲ್ಲಿ ಆಣೆ ಮಾಡಿದ್ದ ಕಟ್ಟಳೆ. ಮುಖ ಮೊದಲು, ಮಾತು ಆಮೇಲೆ ಎಂದು ತಿರುಗಿಸಿ, "ತೆಗಿ ಅಜ್ಜ" ಎಂದಳು. ಅಜ್ಜ ಬಟ್ಟೆ ಸರಿಸಿದ. ಕೊಲ್ಲಾಪುರಮ್ಮನ ಮುಖ ಸಂಜೆಯ ಕೆಂಪಿಗೆ ತೆರೆದುಕೊಂಡಿತು. ಭಂಡಾರದ ಹಣೆ, ಒಂದು ಕಡೆ ಸ್ವಲ್ಪ ಸೊಟ್ಟಗಾದ ತುಟಿ, ಎಲೆಯಡಿಕೆ ಹಾಕುವ ಮುನ್ನ ಏನೋ ಹೇಳಲು ಹೊರಟಂತೆ.

ಹೊನ್ನಾಳಿಯ ಆ ಮಂಚದಲ್ಲಿ ಏನು ಕಂಡಿತೋ. ಫೋನಿನಿಂದ ಬಂದದ್ದು ಮಾತಲ್ಲ, ಮಾತಿನ ಚೂರು. "ಹಳ... ಚೌಕ ಚೌ... ಕಣ್ಣೆಲ್ಲ... ನಾ... ನೀನು ಕೇಳ..." ಆಮೇಲೆ ಏನೂ ಇಲ್ಲ. ಕೊನೆಗೆ ಕೂಸಿನ ಅಳುವೊಂದು ಅರ್ಧಕ್ಕೆ ತುಂಡಾಗಿ ಬಿತ್ತು.

ಹೀಗೇ ಒತ್ತಿ ಹಿಡಿದರೆ ಮುಖವೂ ಸಿಗದು, ಮಾತೂ ಹೋಗುತ್ತದೆ. ಮಾರುತಿ ಕೇರಿ ಮುಟ್ಟಿದನೋ ಇಲ್ಲವೋ. ಚುಕ್ಕಿಗಳೆಲ್ಲ ಬೂದಿಯೇ. ನಾಗರತ್ನ ಕಣ್ಣೊರೆಸಿಕೊಂಡು ಕಟ್ಟಳೆಯನ್ನು ಮೊದಲಿನಂತೆ ತಿರುಗಿಸಿದಳು.

"...ಕೇಳ್ತೈತಾ? ನಾಗಿ? ನಾಗಿ, ಕೇಳ್ತೈತಾ?"

"ಕೇಳ್ತೈತೆ ಪುಷ್ಪಿ."

"ಹಳದಿ ಚೌಕ ಒಂದು ಕಂಡಂಗಾತು. ಅದು ಹಣೆನಾ? ಅವ್ವನ ಹಣೆನಾ ಅದು?"

"ಹೂಂ. ಹಣೆನೇ." ಹಣೆಯೋ, ಸೀರೆಯ ಅಂಚೋ, ಚೆಂಡುಹೂವೋ ನಾಗರತ್ನಳಿಗೂ ತಿಳಿಯದು. ಆದರೂ ಹೂಂ ಎಂದಳು.

ಹೊತ್ತು ಗುಡ್ಡಕ್ಕೆ ತಾಗಿತು. ಗುಣಿಯ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ಊರಿನ ಕಡೆ ನೋಡುತ್ತಿದ್ದರು. ಬೆನಕಪ್ಪ ನೆಲಕ್ಕೆ ಕೂತು ಮಣ್ಣು ಕೆರೆಯುತ್ತಿದ್ದ.

"ಪುಷ್ಪವ್ವ," ಗಾದ್ರಪ್ಪಜ್ಜ ಫೋನಿನ ಕಡೆ ಮುಖ ಎತ್ತಿ ಹೇಳಿದ, "ನನ್ನ ಕೈಲಿ ಇನ್ನು ತಡ್ಯಾಕಾಗಲ್ಲ ಮಗಳೇ. ಬೆಳಕು ಹೋತು. ಕತ್ತಲಾಗೆ ನಿಮ್ಮವ್ವನ್ನ ಕಳ್ಳರಂಗೆ ಮುಚ್ಚಿದ್ರು ಅಂತ ಆಗಬಾರ್ದು. ನೀನು ಹೇಳು, ಏನ್ ಮಾಡ್ಲಿ."

ಮೇಲೆ ರೆಕ್ಕೆಗಳು ಗುಂಯ್ ಎನ್ನುತ್ತಿದ್ದವು. ಆಮೇಲೆ ಪುಷ್ಪಾ ಹೇಳಿದಳು: "ಫೋನ್ನ ಅವ್ವನ ಕಿವಿಗಿಡ್ರಿ."

ನಾಗರತ್ನ ಫೋನನ್ನು ಕೆಳಗೆ ಕೊಟ್ಟಳು. ಗಾದ್ರಪ್ಪಜ್ಜ ಅದನ್ನು ತೊಳೆದ ಬೆಣ್ಣೆ ಹಿಡಿದಂತೆ ಹಿಡಿದು ಕೊಲ್ಲಾಪುರಮ್ಮನ ಕಿವಿಗಿಟ್ಟ. ಪುಷ್ಪಾ ಏನು ಹೇಳಿದಳೋ ಅವನಿಗಷ್ಟೇ ಕೇಳಿತು, ಅವನು ಯಾರಿಗೂ ಹೇಳಲಿಲ್ಲ. ಮೇಲೆ ನಿಂತವರಿಗೆ ಕೇಳಿದ್ದು ಕೊನೆಯ ಎರಡು ಮಾತು. ಅವು ದೊಡ್ಡದಾಗಿ ಬಂದವು.

"ಉಂಡೇನವ್ವ? ಉಂಡೇನೇ ಅವ್ವ?"

ಆಮೇಲೆ ಕೂಸು ಅತ್ತಿತು. ದುರುಗೇಶ ಅದನ್ನು ಫೋನಿಗೆ ಹತ್ತಿರ ಹಿಡಿದಿರಬೇಕು. ಹೆಣ್ಣೋ ಗಂಡೋ ಇನ್ನೂ ಊರಿಗೆ ಹೇಳಿರದ ಕೂಸು, ತುಂಡಾಗದೆ, ಮುರಿಯದೆ, ಗುಣಿಯ ತುಂಬ ಅತ್ತಿತು. ಅಜ್ಜಿ ಒಂದು ದಿನವೂ ಎತ್ತಿಕೊಳ್ಳದ ಕೂಸಿನ ಅಳು ಅವಳ ತಣ್ಣಗಾದ ಕಿವಿಗೆ ಬಿತ್ತು. ಕಲ್ಲಮ್ಮ ಬಾಯಿಗೆ ಸೆರಗು ತುಂಬಿಕೊಂಡಳು.

ಗಾದ್ರಪ್ಪಜ್ಜ ಮುಖಕ್ಕೆ ಬಟ್ಟೆ ಮುಚ್ಚಿದ. ಮೇಲೆ ಬಂದ. ಫೋನನ್ನು ನಾಗರತ್ನಳ ಕೈಗಿಟ್ಟು ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಸಲಿಕೆಗಳು. ಮಣ್ಣು ಬೀಳುವ ಸದ್ದನ್ನು ಪುಷ್ಪಾ ಕೇಳಿಸಿಕೊಳ್ಳುತ್ತಿದ್ದಳು. ನಾಗರತ್ನ ಕರೆ ಕಡಿಯುತ್ತೇನೆ ಎಂದರೂ ಬೇಡ ಅಂದಳು.

ಗುಣಿ ತುಂಬಿ, ಮೇಲೆ ದಿಬ್ಬವಾಗಿ, ಅದರ ಮೇಲೆ ಮುಳ್ಳಿನ ಕಂಟಿ ಇಡುವಾಗ ನಾಗರತ್ನಳ ಫೋನಿನಲ್ಲಿ ಒಂದು ಚುಕ್ಕಿ ಹಸಿರಾಯಿತು. ಬೆನಕಪ್ಪನ ಮನೆ. ಸ್ವಲ್ಪ ಹೊತ್ತಿಗೆ ಪಕ್ಕದ್ದು. ಆಮೇಲೆ ಇನ್ನೊಂದು. ಊರ ಕಡೆ, ಕೇರಿಯಲ್ಲಿ, ಮಾರುತಿ ಬೀಗ ತೆಗೆದ ಮನೆಗಳ ದೀಪಗಳು ಒಂದೊಂದಾಗಿ ಹತ್ತುತ್ತ ಬರುತ್ತಿದ್ದವು. ಮಣ್ಣು ಮುಗಿದದ್ದು ಅವನಿಗಿನ್ನೂ ಗೊತ್ತಿರಲಿಲ್ಲ. ಮನೆಯಿಂದ ಮನೆಗೆ ಓಡುತ್ತಲೇ ಇದ್ದಿರಬೇಕು.

ಫೋನಿನ ಕಪ್ಪು ಹರಿದು ಪುಷ್ಪಾಳ ಮುಖ ಬಂತು. ಕಣ್ಣಿನ ರೆಪ್ಪೆ ರೆಪ್ಪೆ ಕಾಣುವಷ್ಟು ಸ್ಪಷ್ಟ. ಅವಳೂ ಈ ಕಡೆ ನೋಡುತ್ತಿದ್ದಳು. ನಾಗರತ್ನಳಿಗೆ ಫೋನನ್ನು ದಿಬ್ಬದಿಂದ ತಿರುಗಿಸಬೇಕು ಅನ್ನಿಸಿತು. ತಿರುಗಿಸಿ ತನ್ನ ಮುಖವನ್ನಾದರೂ, ಆಕಾಶವನ್ನಾದರೂ ತೋರಿಸಬೇಕು ಅನ್ನಿಸಿತು. ಕೈ ಏಳಲಿಲ್ಲ.

"ನಾಗಿ," ಎಂದಳು ಪುಷ್ಪಾ, "ಈಗ ಚೆಂದಾಗಿ ಕಾಣ್ತೈತೆ. ಒಂದೊಂದು ಹೆಂಟೆನೂ ಕಾಣ್ತೈತೆ."